ಪುಟ್ಟಣ್ಣ ಕಣಗಾಲ್: ಕಾದಂಬರಿಯ ಓದುಗರು, ಚಿತ್ರದ ಪ್ರೇಕ್ಷಕರು

ಕನ್ನಡ ಚಲನಚಿತ್ರ ಚರಿತ್ರೆಯಲ್ಲಿ 1970ರ ಆಸುಪಾಸು ಒಂದು ಸಂಧಿಕಾಲ. 1970ರ ‘ಸಂಸ್ಕಾರ’ ಹಾಗೂ 1971ರ ‘ವಂಶವೃಕ್ಷ’ ಚಿತ್ರಗಳು ಹೊಸ ಅಲೆಗೆ ನಾಂದಿ ಹಾಡಿ, ಗಂಭೀರ ಅಭಿರುಚಿಯ ಸೀಮಿತ ಪ್ರೇಕ್ಷಕ ವರ್ಗವೊಂದನ್ನು ರೂಪಿಸಿದವು. ಇನ್ನೊಂದೆಡೆ ತಾರಾಮೌಲ್ಯವನ್ನು ನೆಚ್ಚಿದ ಜನಪ್ರಿಯ ಚಿತ್ರಗಳ ಧಾರೆಯಿತ್ತು. ಈ ಎರಡೂ ವರ್ಗಗಳನ್ನು ತಲುಪಿದವರು ಪುಟ್ಟಣ್ಣ ಕಣಗಾಲ್. ಅವರದು ಮಧ್ಯಮಮಾರ್ಗವೆಂದು ಹೇಳುವುದು ರೂಢಿ. ಆದರೆ ಅವರ ಯಶಸ್ಸು ಎರಡು ಅಭಿರುಚಿಗಳ ನಡುವಣ ರಾಜಿಯಿಂದ ಬಂದುದಲ್ಲ. ಕನ್ನಡ ಕಾದಂಬರಿಯ ಓದುಗ ಸಮುದಾಯವನ್ನು ಪ್ರೇಕ್ಷಕ ಸಮುದಾಯವಾಗಿ ವಿಸ್ತರಿಸಿದ್ದರಿಂದ ಒದಗಿದುದು.

ಪುಟ್ಟಣ್ಣನವರು 1933ರಲ್ಲಿ ಮೈಸೂರು ಜಿಲ್ಲೆಯ ಕಣಗಾಲಿನಲ್ಲಿ ಜನಿಸಿದರು. ಗೀತರಚನಕಾರ ಕಣಗಾಲ್ ಪ್ರಭಾಕರ ಶಾಸ್ತ್ರಿ ಇವರ ಸೋದರರು. ಬಿ.ಆರ್. ಪಂತುಲು ಅವರ ಬಳಿ ಸಹಾಯಕರಾಗಿ ದುಡಿದ ಪುಟ್ಟಣ್ಣನವರು ಸ್ವತಂತ್ರ ನಿರ್ದೇಶಕರಾದುದು ಮಲಯಾಳಂನಲ್ಲಿ. 1964ರಲ್ಲಿ ‘ಸ್ಕೂಲ್ ಮಾಸ್ಟರ್’ ಚಿತ್ರದ ಮೂಲಕ. 1966ರಲ್ಲಿ ತ್ರಿವೇಣಿಯವರ ‘ಬೆಕ್ಕಿನ ಕಣ್ಣು’ ಕಾದಂಬರಿಯನ್ನು ಅದೇ ಭಾಷೆಯಲ್ಲಿ ‘ಪೂಚಕ್ಕಣ್ಣಿ’ಯಾಗಿ ತೆರೆಗೆ ತಂದರು. ಕನ್ನಡದಲ್ಲಿ ಮೊದಲ ಚಿತ್ರವನ್ನು ನಿರ್ದೇಶಿಸುವ ಮುನ್ನವೇ ಅವರು ಕನ್ನಡ ಕಾದಂಬರಿಯನ್ನು ನೆಚ್ಚಿದ್ದರೆಂಬುದು ಗಮನಾರ್ಹ.

1967ರ ‘ಬೆಳ್ಳಿಮೋಡ’ಕ್ಕೂ ತ್ರಿವೇಣಿಯವರ ಕಾದಂಬರಿಯೇ ಆಧಾರ. ಆಸ್ತಿಯ ಆಸೆಯಿಂದ ಒಲಿದು, ಆಸ್ತಿಗೆ ಬೇರೆ ವಾರಸುದಾರ ಹುಟ್ಟಿದಾಗ ದೂರವಾದವನು ಮರಳಿ ಬಂದರೆ ನಾಯಕಿ ಅವನನ್ನು ನಿರಾಕರಿಸುತ್ತಾಳೆ. ಪ್ರೇಮಿಗಳ ಮಿಲನದಿಂದ ಮುಗಿಯಬೇಕಾದ ಕಥೆ ಹೆಣ್ಣಿನ ಸ್ವಾಭಿಮಾನದಿಂದ ಮುಗಿಯಿತು. ಬೇಂದ್ರೆಯವರ ಕವಿತೆ ಈ ಚಿತ್ರದಲ್ಲಿ ಹಾಡಾಯಿತು. 1971ರ ‘ಶರಪಂಜರ’ದಲ್ಲೂ ಬೇಂದ್ರೆಯವರ ಕವಿತೆಯೊಂದು ವಿಜಯಭಾಸ್ಕರ್ ಅವರ ಸಂಗೀತದಲ್ಲಿ ಜನರ ನಾಲಗೆಯ ಮೇಲೆ ನೆಲೆಸಿತು. ಹೀಗೆ ಸಾಹಿತ್ಯಾಸಕ್ತರ ಒಲವಿನ ಕವಿತೆಯೇ ಸಾಮಾನ್ಯ ಪ್ರೇಕ್ಷಕರ ಹಾಡೂ ಆಯಿತು.

ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನಾಧರಿಸಿದ ‘ಗೆಜ್ಜೆಪೂಜೆ’ (1969) ಪುಟ್ಟಣ್ಣನವರಿಗೆ ಶ್ರೇಷ್ಠ ಚಿತ್ರಕಥೆಯ ರಾಷ್ಟ್ರಪ್ರಶಸ್ತಿಯನ್ನು ತಂದಿತು. ಅದೇ ಲೇಖಕಿಯ ‘ಫಣಿಯಮ್ಮ’ವನ್ನು 1980ರ ದಶಕದಲ್ಲಿ ಪ್ರೇಮಾ ಕಾರಂತರು ಹೊಸ ಅಲೆಯ ಸಂಯಮದಲ್ಲಿ ಚಿತ್ರಿಸಿದರು. ಪುಟ್ಟಣ್ಣನವರ ದಾರಿ ಬೇರೆ. ಹಾಡು, ಕಣ್ಣೀರು, ಭಾವೋತ್ಕರ್ಷಗಳನ್ನು ಅವರು ಬಿಡಲಿಲ್ಲ. ಆದರೆ ಅವುಗಳನ್ನು ಹೆಣ್ಣಿನ ಒಳಮನಸ್ಸಿನ ಅಭಿವ್ಯಕ್ತಿಗೆ ದುಡಿಸಿದರು. ‘ಶರಪಂಜರ’ದ ಕಾವೇರಿ ಬಾಣಂತನದ ಬಳಿಕ ಮನೋರೋಗಕ್ಕೆ ತುತ್ತಾಗಿ, ಗುಣಹೊಂದಿ ಮನೆಗೆ ಮರಳುತ್ತಾಳೆ. ಸುತ್ತಲಿನವರ ಸಂಶಯ ಹಾಗೂ ಪತಿಯ ವಂಚನೆ ಅವಳನ್ನು ಮತ್ತೆ ಅದೇ ಸ್ಥಿತಿಗೆ ದೂಡುತ್ತವೆ. ಕಲ್ಪನಾ ಅವರ ಉತ್ಕಟ ಅಭಿನಯ ಜನರನ್ನು ಸೆಳೆಯಿತು. ರೋಗ ಯಾರದೆಂಬ ಪ್ರಶ್ನೆ ಚಿಂತನಶೀಲರನ್ನು ಕಾಡಿತು. ಪರಿಹಾರವಿಲ್ಲದ ಅಂತ್ಯವನ್ನು ಸಾಮಾನ್ಯ ಪ್ರೇಕ್ಷಕರು ಒಪ್ಪಲಾರರೆಂಬ ಉದ್ಯಮದ ನಂಬಿಕೆಯನ್ನು ಈ ಚಿತ್ರ ಸುಳ್ಳಾಗಿಸಿತು.

ಈ ವಿಸ್ತರಣೆಗೆ ಬೆಲೆಯೂ ಇತ್ತು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಬೆಸೆದು ರೂಪಿಸಿದ ‘ನಾಗರಹಾವು’ (1972) ವಿಷ್ಣುವರ್ಧನ್ ಅವರನ್ನು ನಾಯಕನಟರನ್ನಾಗಿ ನೆಲೆಗೊಳಿಸಿ ಅಪಾರ ಯಶಸ್ಸು ಗಳಿಸಿತು. ಆದರೆ ತಮ್ಮ ನಾಯಕನ ಮೊನಚು ಚಿತ್ರದಲ್ಲಿ ಕುಂದಿದೆಯೆಂದು ಮೂಲ ಲೇಖಕರು ಅತೃಪ್ತರಾದರು. ಇದೇ ಕಥೆಯನ್ನು 1974ರಲ್ಲಿ ಪುಟ್ಟಣ್ಣನವರೇ ಹಿಂದಿಯಲ್ಲಿ ‘ಜಹರೀಲಾ ಇನ್ಸಾನ್’ ಆಗಿ ನಿರ್ದೇಶಿಸಿದಾಗ ಅಂಥ ಯಶಸ್ಸು ದೊರೆಯಲಿಲ್ಲ. ನಿರ್ದೇಶಕರು ಅವರೇ, ಕಥೆಯೂ ಅದೇ; ಆ ಕಥೆಯನ್ನು ಮೊದಲೇ ತಮ್ಮದಾಗಿಸಿಕೊಂಡಿದ್ದ ಓದುಗರು ಮಾತ್ರ ಅಲ್ಲಿರಲಿಲ್ಲ. ಸೋಲಿಗೆ ಬೇರೆ ಕಾರಣಗಳೂ ಇರಬಹುದಾದರೂ ಈ ವ್ಯತ್ಯಾಸವನ್ನು ಕಡೆಗಣಿಸಲಾಗದು.

ಭಾರತೀಸುತರ ಕಾದಂಬರಿಯಿಂದ ‘ಎಡಕಲ್ಲು ಗುಡ್ಡದ ಮೇಲೆ’ (1973), ಮೂರು ಸಣ್ಣಕಥೆಗಳಿಂದ ‘ಕಥಾಸಂಗಮ’ (1976), ವೃತ್ತಿರಂಗಭೂಮಿಯ ಹಿನ್ನೆಲೆಯಲ್ಲಿ ‘ರಂಗನಾಯಕಿ’ (1981) ಮೂಡಿಬಂದವು. 1985ರ ಜೂನ್ 5ರಂದು ಪುಟ್ಟಣ್ಣನವರು ನಿಧನರಾದಾಗ ‘ಮಸಣದ ಹೂವು’ ಪೂರ್ಣಗೊಂಡಿರಲಿಲ್ಲ, ಅದನ್ನು ಕೆ.ಎಸ್.ಎಲ್. ಸ್ವಾಮಿ ಮುಗಿಸಿದರು. ಕರ್ನಾಟಕ ಸರ್ಕಾರ ನಿರ್ದೇಶಕರಿಗೆ ನೀಡುವ ಪ್ರಶಸ್ತಿ ಇವರ ಹೆಸರನ್ನು ಹೊತ್ತಿದೆ. ಆದರೆ ಅವರ ನಿಜವಾದ ಸಾಧನೆ ಪ್ರಶಸ್ತಿಗಳಾಚೆಗಿದೆ: ಓದು ಬಲ್ಲ ಮನೆಗಳಲ್ಲಿ ಪುಸ್ತಕದೊಳಗಿದ್ದ ಹೆಣ್ಣಿನ ಸಂಕಟವನ್ನು ಅವರು ಓದು ಬಾರದವರೆದುರಿಗೂ ತಂದು ನಿಲ್ಲಿಸಿದರು.