ಜಾನ್ ಪೋಸ್ಟೆಲ್

ಜೊನಾಥನ್ ಬ್ರೂಸ್ ಪೋಸ್ಟೆಲ್ (ಆಗಸ್ಟ್ 6, 1943 – ಅಕ್ಟೋಬರ್ 16, 1998) ಅಮೆರಿಕದ ಗಣಕವಿಜ್ಞಾನಿ. ಜಾನ್ ಪೋಸ್ಟೆಲ್ ಎಂದೇ ಪ್ರಸಿದ್ಧರಾದ ಇವರು ಅಂತರಜಾಲದ ಮೂಲ ನಿಯಮಾವಳಿಗಳನ್ನು ರೂಪಿಸಿದವರಲ್ಲಿ ಪ್ರಮುಖರು. ಅಂತರಜಾಲದ ವಿಳಾಸ ಸಂಖ್ಯೆಗಳು ಹಾಗೂ ಡೊಮೇನ್ ಹೆಸರುಗಳ ಹಂಚಿಕೆಯ ಮೇಲ್ವಿಚಾರಣೆಯನ್ನು ಸುಮಾರು ಮೂರು ದಶಕಗಳ ಕಾಲ ನಿರ್ವಹಿಸಿದರು. ಅಂತರಜಾಲದ ಹೆಸರುಗಳು ಸಮುದಾಯದ ಪರವಾಗಿ ಕಾಯ್ದುಕೊಳ್ಳಬೇಕಾದ ಹೊಣೆಯೇ ಅಥವಾ ವ್ಯಾಪಾರ ಚಿಹ್ನೆಗಳಂತೆ ಖಾಸಗಿ ಸ್ವತ್ತೇ ಎಂಬ ವಿವಾದವು 1990ರ ದಶಕದಲ್ಲಿ ತೀವ್ರಗೊಂಡಾಗ ಇವರು ಅದರ ಕೇಂದ್ರದಲ್ಲಿದ್ದರು.

ಬಾಲ್ಯ ಮತ್ತು ಶಿಕ್ಷಣ

ಪೋಸ್ಟೆಲ್ ಅವರು ಕ್ಯಾಲಿಫೋರ್ನಿಯಾ ರಾಜ್ಯದ ಆಲ್ಟಡೀನಾ ಎಂಬಲ್ಲಿ ಜನಿಸಿದರು. ವ್ಯಾನ್ ನೈಸ್ ಪ್ರೌಢಶಾಲೆಯಲ್ಲಿ ವ್ಯಾಸಂಗ ಮಾಡಿದರು. ಮುಂದೆ ಅಂತರಜಾಲದ ನಿರ್ಮಾತೃಗಳಲ್ಲಿ ಗಣ್ಯರಾದ ವಿಂಟ್ ಸರ್ಫ್ ಮತ್ತು ಸ್ಟೀವ್ ಕ್ರಾಕರ್ ಕೂಡ ಅದೇ ಶಾಲೆಯ ವಿದ್ಯಾರ್ಥಿಗಳು. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಿಂದ 1966ರಲ್ಲಿ ಪದವಿಯನ್ನೂ 1968ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು. ಗಣಕಗಳ ನಡುವಣ ಸಂವಹನ ನಿಯಮಗಳನ್ನು ವಿಶ್ಲೇಷಿಸಿದ ಪ್ರೌಢಪ್ರಬಂಧಕ್ಕೆ 1974ರಲ್ಲಿ ಡಾಕ್ಟರೇಟ್ ದೊರೆಯಿತು.

ಆರ್ಪಾನೆಟ್ ಮತ್ತು ಆರ್‌ಎಫ್‌ಸಿ ದಾಖಲೆಗಳು

ಅಮೆರಿಕದ ರಕ್ಷಣಾ ಇಲಾಖೆಯ ನೆರವಿನಿಂದ ರೂಪುಗೊಂಡ ಆರ್ಪಾನೆಟ್ ಎಂಬ ಜಾಲವೇ ಇಂದಿನ ಅಂತರಜಾಲಕ್ಕೆ ಮೂಲ. 1969ರ ಅಕ್ಟೋಬರ್ 29ರಂದು ಅದರ ಮೊದಲ ಸಂದೇಶ ಹೊರಟದ್ದು ಲಾಸ್ ಏಂಜಲೀಸಿನಲ್ಲಿದ್ದ ಲೆನಾರ್ಡ್ ಕ್ಲೈನ್‌ರಾಕ್ ಅವರ ಪ್ರಯೋಗಾಲಯದಿಂದ. ಆಗ ವಿದ್ಯಾರ್ಥಿಯಾಗಿದ್ದ ಪೋಸ್ಟೆಲ್ ಆ ತಂಡದಲ್ಲಿದ್ದರು.

ಜಾಲದ ವಿನ್ಯಾಸ ಕುರಿತ ಸಲಹೆಗಳನ್ನು ಎಲ್ಲರ ಅಭಿಪ್ರಾಯಕ್ಕಾಗಿ ಹಂಚುವ ಆರ್‌ಎಫ್‌ಸಿ ಎಂಬ ದಾಖಲೆಮಾಲೆಯನ್ನು ಸ್ಟೀವ್ ಕ್ರಾಕರ್ 1969ರ ಏಪ್ರಿಲ್‌ನಲ್ಲಿ ಆರಂಭಿಸಿದರು. ಅದರ ಸಂಪಾದಕತ್ವ ಸ್ವಲ್ಪ ಕಾಲದಲ್ಲೇ ಪೋಸ್ಟೆಲ್ ಅವರ ಪಾಲಿಗೆ ಬಂದು, ಅವರ ಮರಣದವರೆಗೂ ಅವರಲ್ಲಿಯೇ ಉಳಿಯಿತು. ಆ ಹೊತ್ತಿಗೆ ಮಾಲೆಯ ಸಂಖ್ಯೆ 2,400 ದಾಟಿತ್ತು. ಈ ದಾಖಲೆಗಳನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದಾಗಿತ್ತು. ಅವುಗಳಂತೆ ತಂತ್ರಾಂಶ ರಚಿಸಲು ಪೋಸ್ಟೆಲ್ ಅವರ ಅನುಮತಿಯೂ ಬೇಕಿರಲಿಲ್ಲ. ಅಂತರಜಾಲವು ಯಾವುದೇ ಒಂದು ಸಂಸ್ಥೆಯ ಸೊತ್ತಾಗದೆ ಹರಡಲು ಈ ಮುಕ್ತತೆ ಬಹುಮುಖ್ಯ ಕಾರಣ.

1977ರಲ್ಲಿ ಅವರು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಮಾಹಿತಿ ವಿಜ್ಞಾನ ಸಂಸ್ಥೆಯನ್ನು ಸೇರಿ, ಕೊನೆಯವರೆಗೂ ಅಲ್ಲಿಯೇ ದುಡಿದರು. 1981ರ ಸೆಪ್ಟೆಂಬರ್‌ನಲ್ಲಿ ಅವರ ಸಂಪಾದಕತ್ವದಲ್ಲಿ ಪ್ರಕಟವಾದ ಆರ್‌ಎಫ್‌ಸಿ 791 ಮತ್ತು 793 ಅನುಕ್ರಮವಾಗಿ ಐಪಿ ಹಾಗೂ ಟಿಸಿಪಿ ನಿಯಮಗಳನ್ನು ವಿವರಿಸುತ್ತವೆ. 1982ರ ಆರ್‌ಎಫ್‌ಸಿ 821 ಇ-ಮೇಲ್ ರವಾನೆಯ ನಿಯಮಗಳನ್ನು ನಿಗದಿಪಡಿಸಿತು. ಕಳುಹಿಸುವಾಗ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು, ಸ್ವೀಕರಿಸುವಾಗ ಇತರರ ಸಣ್ಣಪುಟ್ಟ ತಪ್ಪುಗಳನ್ನು ಸಹಿಸಬೇಕು ಎಂಬ ಅವರ ಸೂತ್ರ ಪೋಸ್ಟೆಲ್ ನಿಯಮವೆಂದು ಹೆಸರಾಗಿದೆ.

ಸಂಖ್ಯೆ ಮತ್ತು ಹೆಸರುಗಳ ಹಂಚಿಕೆ

ಜಾಲದಲ್ಲಿ ಒಂದೇ ಸಂಖ್ಯೆಯನ್ನು ಇಬ್ಬರು ಬಳಸಿದರೆ ಗೊಂದಲ ತಪ್ಪದು. ಆದ್ದರಿಂದ ಯಾವ ಸಂಖ್ಯೆ ಯಾರಿಗೆ ಎಂಬುದನ್ನು ಒಬ್ಬರು ಬರೆದಿಡಬೇಕೆಂದು ಪೋಸ್ಟೆಲ್ 1972ರಲ್ಲಿ ಆರ್‌ಎಫ್‌ಸಿ 349ರ ಮೂಲಕ ಸೂಚಿಸಿ, ಆ ಕೆಲಸಕ್ಕೆ ತಮ್ಮ ಹೆಸರನ್ನೇ ಮುಂದಿಟ್ಟರು. ಹೀಗೆ ಆರಂಭವಾದ ಪಟ್ಟಿಯೇ ಬೆಳೆದು, 1980ರ ದಶಕದ ಕೊನೆಯ ವೇಳೆಗೆ ಐಯಾನಾ (ಅಂತರಜಾಲ ಸಂಖ್ಯಾ ಹಂಚಿಕೆ ಪ್ರಾಧಿಕಾರ) ಎಂಬ ಹೆಸರು ಪಡೆಯಿತು. ಹೆಸರು ಭಾರಿಯಾಗಿದ್ದರೂ ಅದು ವಾಸ್ತವದಲ್ಲಿ ಪೋಸ್ಟೆಲ್, ಅವರ ಸಹೋದ್ಯೋಗಿ ಜಾಯ್ಸ್ ರೆನಾಲ್ಡ್ಸ್ ಹಾಗೂ ಬೆರಳೆಣಿಕೆಯ ಸಿಬ್ಬಂದಿಯ ಚಿಕ್ಕ ಕಚೇರಿಯಾಗಿತ್ತು.

ಸಂಖ್ಯೆಗಳ ಬದಲು ನೆನಪಿಡಲು ಸುಲಭವಾದ ಹೆಸರುಗಳನ್ನು ಬಳಸುವ ಡೊಮೇನ್ ಪದ್ಧತಿಯನ್ನು ಅದೇ ಸಂಸ್ಥೆಯ ಪಾಲ್ ಮಾಕಪೆಟ್ರಿಸ್ 1983ರಲ್ಲಿ ರೂಪಿಸಿದರು. ಮರುವರ್ಷ ಪೋಸ್ಟೆಲ್ ಮತ್ತು ರೆನಾಲ್ಡ್ಸ್ ಅವರ ಆರ್‌ಎಫ್‌ಸಿ 920ರಲ್ಲಿ ಡಾಟ್ ಕಾಮ್, ಡಾಟ್ ಎಜು, ಡಾಟ್ ಆರ್ಗ್ ಮೊದಲಾದವುಗಳ ಜೊತೆಗೆ ಪ್ರತಿ ದೇಶಕ್ಕೂ ಎರಡಕ್ಷರದ ಹೆಸರು ಕೊಡುವ ಯೋಜನೆ ಪ್ರಕಟವಾಯಿತು. ಭಾರತದ ಡಾಟ್ ಇನ್ 1989ರಲ್ಲಿ ಇದೇ ವ್ಯವಸ್ಥೆಯಡಿ ಬಂದಿತು.

1994ರ ಆರ್‌ಎಫ್‌ಸಿ 1591 ಅವರ ಆಡಳಿತ ನೀತಿಯನ್ನು ಸ್ಪಷ್ಟವಾಗಿ ತಿಳಿಸುತ್ತದೆ. ಯಾವುದು ದೇಶ, ಯಾವುದು ಅಲ್ಲ ಎಂದು ನಿರ್ಣಯಿಸುವುದು ಐಯಾನಾದ ಕೆಲಸವಲ್ಲ. ಅದಕ್ಕೆ ಐಎಸ್‌ಒ 3166 ಪಟ್ಟಿಯೇ ಆಧಾರ. ಡೊಮೇನನ್ನು ನಿರ್ವಹಿಸುವವರು ಅದರ ಒಡೆಯರಲ್ಲ, ಸಮುದಾಯದ ಪರವಾದ ಧರ್ಮದರ್ಶಿಗಳು. ಹೆಸರನ್ನು ನೋಂದಾಯಿಸಿದ ಮಾತ್ರಕ್ಕೆ ವ್ಯಾಪಾರ ಚಿಹ್ನೆಯ ಹಕ್ಕು ದೊರೆಯುವುದಿಲ್ಲ. ಅಂಥ ವ್ಯಾಜ್ಯಗಳಲ್ಲಿ ನೋಂದಣಿ ಸಂಸ್ಥೆ ಎರಡೂ ಪಕ್ಷಗಳಿಗೆ ಪರಸ್ಪರರ ಸಂಪರ್ಕ ವಿವರ ಒದಗಿಸುವುದಷ್ಟನ್ನೇ ಮಾಡಬೇಕು.

ವ್ಯಾಪಾರ ಚಿಹ್ನೆಗಳ ವಿವಾದ

ಅಂತರಜಾಲ ವಾಣಿಜ್ಯಕ್ಕೆ ತೆರೆದುಕೊಂಡಂತೆ ಈ ಸರಳ ನೀತಿ ಸಾಲದಾಯಿತು. ವ್ಯಾಪಾರ ಚಿಹ್ನೆಯ ಕಾನೂನಿನಂತೆ ಒಂದೇ ಹೆಸರನ್ನು ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ಸರಕುಗಳಿಗೆ ಹಲವರು ಬಳಸಬಹುದು. ಆದರೆ ಡಾಟ್ ಕಾಮ್‌ನಲ್ಲಿ ಆ ಹೆಸರು ಒಬ್ಬರಿಗೆ ಮಾತ್ರ ಸಿಗುತ್ತದೆ. ಮೊದಲು ಬಂದವರಿಗೆ ಮೊದಲು ಎಂಬ ಪದ್ಧತಿಯಿಂದಾಗಿ ಪ್ರಸಿದ್ಧ ಕಂಪನಿಗಳ ಹೆಸರುಗಳನ್ನು ನೋಂದಾಯಿಸಿಕೊಂಡು ಅವರಿಗೇ ಮಾರುವ ದಂಧೆ ಬೆಳೆಯಿತು.

ಡಾಟ್ ಕಾಮ್ ನೋಂದಣಿಯು 1993ರಿಂದ ನೆಟ್‌ವರ್ಕ್ ಸೊಲ್ಯೂಷನ್ಸ್ ಎಂಬ ಖಾಸಗಿ ಕಂಪನಿಯ ಕೈಯಲ್ಲಿತ್ತು. 1995ರ ಸೆಪ್ಟೆಂಬರ್‌ನಲ್ಲಿ ಅದು ಪ್ರತಿ ಹೆಸರಿಗೆ ವರ್ಷಕ್ಕೆ 50 ಡಾಲರ್ ಶುಲ್ಕ ವಿಧಿಸತೊಡಗಿತು. ಅದೇ ವರ್ಷ, ನೋಂದಾಯಿತ ಚಿಹ್ನೆಯ ಒಡೆಯರು ದೂರಿತ್ತರೆ ಹೆಸರನ್ನು ತಡೆಹಿಡಿಯಬಹುದಾದ ನಿಯಮವನ್ನೂ ತಂದಿತು. ಇದರಿಂದ ನ್ಯಾಯವಾಗಿ ಹೆಸರು ಪಡೆದ ಸಣ್ಣ ಬಳಕೆದಾರರಿಗೆ ಅನ್ಯಾಯವಾಗುತ್ತದೆಂಬ ಆಕ್ಷೇಪ ಎದ್ದಿತು.

ಏಕಸ್ವಾಮ್ಯ ಮುರಿಯಲು ಹೊಸ ಡೊಮೇನ್‌ಗಳನ್ನು ಸೃಷ್ಟಿಸಿ ಹೊಸ ನೋಂದಣಿ ಸಂಸ್ಥೆಗಳಿಗೆ ಕೊಡಬೇಕೆಂದು ಪೋಸ್ಟೆಲ್ 1996ರಲ್ಲಿ ಪ್ರಸ್ತಾಪಿಸಿದರು. ಆದರೆ ಹೊಸ ಡೊಮೇನ್ ಬಂದಷ್ಟೂ ಕಾವಲು ಕಾಯಬೇಕಾದ ಸ್ಥಳಗಳು ಹೆಚ್ಚುತ್ತವೆಂದು ಚಿಹ್ನೆಗಳ ಒಡೆಯರು ಆತಂಕಪಟ್ಟರು. ಆ ವರ್ಷದ ಕೊನೆಯಲ್ಲಿ ಇಂಟರ್‌ನೆಟ್ ಸೊಸೈಟಿ, ಐಯಾನಾ, ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆ ಮೊದಲಾದವು ಸೇರಿ ರಚಿಸಿದ ಸಮಿತಿಯು ಏಳು ಹೊಸ ಡೊಮೇನ್‌ಗಳನ್ನೂ ವ್ಯಾಜ್ಯ ಪರಿಹಾರ ಮಂಡಳಿಗಳನ್ನೂ ಶಿಫಾರಸು ಮಾಡಿತು. 1997ರ ಮೇ 1ರಂದು ಜಿನೀವಾದಲ್ಲಿ ಒಪ್ಪಂದಕ್ಕೆ ಸಹಿ ಬಿದ್ದರೂ ಅಮೆರಿಕ ಸರ್ಕಾರದ ಬೆಂಬಲ ದೊರೆಯದೆ ಯೋಜನೆ ಕೈಗೂಡಲಿಲ್ಲ.

1998ರ ಜನವರಿಯ ಘಟನೆ

ಡೊಮೇನ್ ಪದ್ಧತಿಯ ತುದಿಯಲ್ಲಿರುವ ಮೂಲ ಕಡತವು ನೆಟ್‌ವರ್ಕ್ ಸೊಲ್ಯೂಷನ್ಸ್‌ನ ಸರ್ವರಿನಲ್ಲಿತ್ತು. ಇತರ ಹನ್ನೆರಡು ಮೂಲ ಸರ್ವರ್‌ಗಳು ಅಲ್ಲಿಂದ ಪ್ರತಿ ಪಡೆಯುತ್ತಿದ್ದವು. 1998ರ ಜನವರಿ 28ರಂದು ಪೋಸ್ಟೆಲ್, ಅವುಗಳ ಪೈಕಿ ಎಂಟರ ನಿರ್ವಾಹಕರಿಗೆ ಇ-ಮೇಲ್ ಕಳುಹಿಸಿ, ಇನ್ನು ಮುಂದೆ ಐಯಾನಾದ ಸರ್ವರಿನಿಂದ ಪ್ರತಿ ಪಡೆಯುವಂತೆ ಕೋರಿದರು. ಎಂಟೂ ಮಂದಿ ಒಪ್ಪಿದರು. ಸರ್ಕಾರಕ್ಕೆ ಸೇರಿದ ಸರ್ವರ್‌ಗಳು ಹಿಂದಿನಂತೆಯೇ ಉಳಿದವು. ಕಡತದಲ್ಲಿ ಬದಲಾವಣೆ ಇರದ ಕಾರಣ ಬಳಕೆದಾರರಿಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ.

ಆದರೆ ಅಧಿಕಾರ ಯಾರದು ಎಂಬ ಪ್ರಶ್ನೆ ಬಯಲಾಯಿತು. ಅಧ್ಯಕ್ಷ ಕ್ಲಿಂಟನ್ ಅವರ ಸಲಹೆಗಾರ ಐರಾ ಮ್ಯಾಗಜಿನರ್ ಅವರ ಒತ್ತಾಯಕ್ಕೆ ಮಣಿದು ಪೋಸ್ಟೆಲ್ ವ್ಯವಸ್ಥೆಯನ್ನು ಮೊದಲಿನಂತೆಯೇ ಮಾಡಿಸಿದರು. ಇದು ಪರೀಕ್ಷೆಯಷ್ಟೇ ಎಂದು ಅವರು ವಿವರಣೆ ನೀಡಿದರು. ಕೆಲವರು ಇದನ್ನು ಅಧಿಕಾರ ಕಸಿದುಕೊಳ್ಳುವ ಯತ್ನವೆಂದು ಟೀಕಿಸಿದರೆ, ಅಂತರಜಾಲ ಸರ್ಕಾರದ ಆಸ್ತಿಯಲ್ಲವೆಂದು ತೋರಿಸಿದ ನಡೆಯೆಂದು ಇನ್ನು ಕೆಲವರು ಅರ್ಥೈಸಿದರು. ಯಾವ ಚುನಾವಣೆಯೂ ಇಲ್ಲದೆ, ಕೇವಲ ಸಹೋದ್ಯೋಗಿಗಳ ವಿಶ್ವಾಸದಿಂದ ಒಬ್ಬ ವ್ಯಕ್ತಿಯಲ್ಲಿ ಇಂಥ ಅಧಿಕಾರ ನೆಲೆಸಿರುವುದು ಎಷ್ಟು ಸರಿ ಎಂಬ ಚರ್ಚೆಯೂ ಆಗ ನಡೆಯಿತು.

ಐಕ್ಯಾನ್ ಸ್ಥಾಪನೆ ಮತ್ತು ನಿಧನ

1998ರ ಜೂನ್‌ನಲ್ಲಿ ಅಮೆರಿಕ ಸರ್ಕಾರವು ಈ ಹೊಣೆಯನ್ನು ಲಾಭರಹಿತ ಖಾಸಗಿ ಸಂಸ್ಥೆಗೆ ವಹಿಸುವ ನೀತಿಯನ್ನು ಪ್ರಕಟಿಸಿತು. ಅದರಂತೆ ಪೋಸ್ಟೆಲ್ ಮತ್ತು ಸಂಗಡಿಗರ ಶ್ರಮದಿಂದ ಸೆಪ್ಟೆಂಬರ್ 30ರಂದು ಕ್ಯಾಲಿಫೋರ್ನಿಯಾದಲ್ಲಿ ಐಕ್ಯಾನ್ ನೋಂದಣಿಯಾಯಿತು. ಅದರ ತಾಂತ್ರಿಕ ನೇತೃತ್ವವನ್ನು ಪೋಸ್ಟೆಲ್ ವಹಿಸುವರೆಂಬ ನಿರೀಕ್ಷೆಯಿತ್ತು. ಆದರೆ ಹೃದಯದ ಕವಾಟದ ಶಸ್ತ್ರಚಿಕಿತ್ಸೆಯ ನಂತರ ಉಂಟಾದ ತೊಂದರೆಯಿಂದ ಅಕ್ಟೋಬರ್ 16ರಂದು ಲಾಸ್ ಏಂಜಲೀಸಿನಲ್ಲಿ ನಿಧನರಾದರು. ಆಗ ಅವರಿಗೆ 55 ವರ್ಷ. ವಿಂಟ್ ಸರ್ಫ್ ಅವರು ಬರೆದ ಶ್ರದ್ಧಾಂಜಲಿಯು ಆರ್‌ಎಫ್‌ಸಿ 2468 ಆಗಿ ಅದೇ ಮಾಲೆಯಲ್ಲಿ ಪ್ರಕಟವಾಯಿತು.

ಉದ್ದನೆಯ ಗಡ್ಡ, ಕಾಲಿಗೆ ಚಪ್ಪಲಿ, ಮಿತಭಾಷೆ — ಇವು ಪೋಸ್ಟೆಲ್ ಅವರ ಗುರುತಾಗಿದ್ದವು. ಸಿಯೆರಾ ನೆವಾಡಾ ಪರ್ವತಗಳಲ್ಲಿ ಚಾರಣ ಮಾಡುವುದು ಅವರಿಗೆ ಪ್ರಿಯವಾಗಿತ್ತು.

ನಂತರದ ಬೆಳವಣಿಗೆಗಳು

1999ರಲ್ಲಿ ಐಕ್ಯಾನ್ ಏಕರೂಪದ ವ್ಯಾಜ್ಯ ಪರಿಹಾರ ನೀತಿಯನ್ನು ಅಂಗೀಕರಿಸಿತು. ಇದರಂತೆ ದೂರುದಾರರು ಮೂರು ಅಂಶಗಳನ್ನು ಸಾಬೀತುಪಡಿಸಬೇಕು: ಹೆಸರು ತಮ್ಮ ಚಿಹ್ನೆಯನ್ನು ಹೋಲುತ್ತದೆ, ಎದುರು ಪಕ್ಷಕ್ಕೆ ಅದರಲ್ಲಿ ನ್ಯಾಯಬದ್ಧ ಹಿತಾಸಕ್ತಿಯಿಲ್ಲ, ಮತ್ತು ದುರುದ್ದೇಶದಿಂದ ಅದನ್ನು ನೋಂದಾಯಿಸಿ ಬಳಸಲಾಗಿದೆ. ಪೋಸ್ಟೆಲ್ ನ್ಯಾಯಾಲಯಗಳಿಗೆ ಬಿಟ್ಟಿದ್ದ ವ್ಯಾಜ್ಯಗಳು ಹೀಗೆ ಡೊಮೇನ್ ಆಡಳಿತದ ಅಂಗವಾದವು.

ಭಾರತದಲ್ಲಿ ಈ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಸತ್ಯಂ ಇನ್ಫೋವೇ ಮತ್ತು ಸಿಫಿನೆಟ್ ಸೊಲ್ಯೂಷನ್ಸ್ ನಡುವಿನ ಪ್ರಕರಣದಲ್ಲಿ ನಿರ್ಣಯಿಸಿತು. ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ ಆರಂಭವಾಗಿ ಕರ್ನಾಟಕ ಉಚ್ಚ ನ್ಯಾಯಾಲಯದ ಮೂಲಕ ಮೇಲೇರಿದ ಈ ಪ್ರಕರಣದಲ್ಲಿ, ಡೊಮೇನ್ ಹೆಸರಿಗೂ ವ್ಯಾಪಾರ ಚಿಹ್ನೆಯಂತೆ ಕಾನೂನಿನ ರಕ್ಷಣೆ ಉಂಟೆಂದು ತೀರ್ಮಾನವಾಯಿತು. ಈಗ ಕನ್ನಡ ಲಿಪಿಯ ಡಾಟ್ ಭಾರತ ಕೂಡ ಮೂಲ ಕಡತದಲ್ಲಿ ಸೇರಿದೆ.

ಐಯಾನಾ ಕಾರ್ಯಗಳ ಮೇಲಿದ್ದ ಅಮೆರಿಕ ಸರ್ಕಾರದ ಒಪ್ಪಂದಾಧಾರಿತ ಮೇಲ್ವಿಚಾರಣೆ 2016ರ ಅಕ್ಟೋಬರ್ 1ರಂದು ಕೊನೆಗೊಂಡಿತು. ಆಗ ಪೋಸ್ಟೆಲ್ ತೀರಿಕೊಂಡು ಸುಮಾರು 18 ವರ್ಷಗಳಾಗಿದ್ದವು.

ಗೌರವಗಳು

ಇಂಟರ್‌ನೆಟ್ ಸೊಸೈಟಿಯು ಇವರ ಹೆಸರಿನಲ್ಲಿ ಸೇವಾ ಪ್ರಶಸ್ತಿಯನ್ನು ಸ್ಥಾಪಿಸಿ, 1999ರಲ್ಲಿ ಮೊದಲ ಪ್ರಶಸ್ತಿಯನ್ನು ಮರಣೋತ್ತರವಾಗಿ ಇವರಿಗೇ ನೀಡಿತು. 2012ರಲ್ಲಿ ಇವರ ಹೆಸರು ಇಂಟರ್‌ನೆಟ್ ಹಾಲ್ ಆಫ್ ಫೇಮ್‌ಗೆ ಸೇರಿತು.