ರಾಮನ್ ಕಾಯಿಸಿದ ಕ್ವಾರ್ಟ್ಜ್ ಹರಳು

ಫೆಬ್ರವರಿ 28 ಬಂತು ಅಂದ್ರೆ ಎಲ್ಲಾ ಕಾಲೇಜಲ್ಲೂ ಸೈನ್ಸ್ ಡೇ. ಸರ್ ಸಿ.ವಿ. ರಾಮನ್ ಫೋಟೋಗೆ ಹಾರ ಹಾಕಿ, 1928ರ ಕೋಲ್ಕತ್ತಾ, 1930ರ ನೊಬೆಲ್ ಅಂತ ಎರಡು ಮಾತಾಡಿ ಮುಗಿಸ್ತೀವಿ. ನೊಬೆಲ್ ಆದ ಮೇಲೂ ಅವರು 40 ವರ್ಷ ಬದುಕಿದ್ದರು, ಅದರಲ್ಲಿ 37 ವರ್ಷ ನಮ್ಮ ಬೆಂಗಳೂರಲ್ಲೇ ಇದ್ದರು. ಆ ಕಥೆ ನಮಗೆ ಯಾರೂ ಹೇಳಲ್ಲ.

ಹುಟ್ಟಿದ್ದು 1888ರಲ್ಲಿ, ತಿರುಚಿರಾಪಳ್ಳಿಯಲ್ಲಿ. 1907ರಲ್ಲಿ, ಹೆಚ್ಚು ಕಡಿಮೆ ನಮ್ಮ ವಯಸ್ಸಿಗೇ, ಕೋಲ್ಕತ್ತಾದಲ್ಲಿ ಹಣಕಾಸು ಇಲಾಖೆಯ ಅಧಿಕಾರಿ ಆದರು. ಆಫೀಸಿಗೆ ಮುಂಚೆ, ಆಫೀಸ್ ಮುಗಿದ ಮೇಲೆ ಲ್ಯಾಬ್. ಹತ್ತು ವರ್ಷ ಹೀಗೇ ನಡೀತು. 1917ರಲ್ಲಿ ಆ ಕೆಲಸ ಬಿಟ್ಟು ಕಡಿಮೆ ಸಂಬಳಕ್ಕೆ ಪ್ರೊಫೆಸರ್ ಆದರು. ಪ್ಲೇಸ್‌ಮೆಂಟ್ ಪ್ಯಾಕೇಜ್ ಲೆಕ್ಕ ಹಾಕ್ತಾ ಕೂತಿರೋ ನಾವು ಇದನ್ನ ಎರಡು ಸಲ ಓದಬೇಕು.

1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯ ಅವರೇ. ಮರುವರ್ಷ ವಿಜ್ಞಾನ ಅಕಾಡೆಮಿ ಶುರು ಮಾಡಿದಾಗ ಜಾಗ ಕೊಟ್ಟಿದ್ದು ಮೈಸೂರು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯಿಂದ ಬಂದಿರೋ ನಮಗೆಲ್ಲ ಆ ಹೆಸರು ಹೊಸದಲ್ಲ. ಎಡತೊರೆಗೆ ಕಾವೇರಿ ನೆರೆ ಹೊಡೆದ ಮೇಲೆ ಕಟ್ಟಿದ ಕೆ.ಆರ್. ನಗರ ಅವರ ಹೆಸರಿನದೇ.

ನಿರ್ದೇಶಕರ ಕುರ್ಚಿ ಮಾತ್ರ ಹೆಚ್ಚು ದಿನ ಉಳಿಯಲಿಲ್ಲ. ಆಡಳಿತ ಮಂಡಳಿ ಜೊತೆ ಜಗಳ ಆಗಿ 1937ರಲ್ಲಿ ಬಿಟ್ಟರು. ಸಂಸ್ಥೆ ಬಿಡಲಿಲ್ಲ, ಪ್ರೊಫೆಸರ್ ಆಗಿ ಅಲ್ಲೇ ಉಳಿದರು.

ನಮಗೆ ತುಂಬಾ ಇಷ್ಟವಾದ ಪ್ರಯೋಗ ನಡೆದಿದ್ದು ಇದಾದ ಮೇಲೆ. ಕ್ವಾರ್ಟ್ಜ್ ಹರಳನ್ನ ಸುಮಾರು 573 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಅದರ ಒಳಗಿನ ಪರಮಾಣುಗಳ ಜೋಡಣೆ ಬದಲಾಗುತ್ತೆ. ಕರಗಲ್ಲ, ಗಟ್ಟಿಯಾಗೇ ಇರುತ್ತೆ, ಆದರೆ ಬೇರೆ ಹರಳು. ಇದೇ ಫೇಸ್ ಟ್ರಾನ್ಸಿಷನ್. ರಾಮನ್ ಮತ್ತು ಅವರ ಶಿಷ್ಯ ನೆಡುಂಗಾಡಿ ಹರಳನ್ನ ಕಾಯಿಸ್ತಾ ಅದರ ಸ್ಪೆಕ್ಟ್ರಮ್ ತೆಗೆದರು. ಒಂದು ಗೆರೆ ಮಾತ್ರ ವಿಚಿತ್ರವಾಗಿ ಆಡ್ತಿತ್ತು. ಬಿಸಿ ಏರಿದ ಹಾಗೆ ಅಗಲವಾಗಿ, ಮಂಕಾಗಿ, ಸೊನ್ನೆ ಕಡೆ ಜಾರ್ತಿತ್ತು. ವೀಣೆ ತಂತಿ ಸಡಿಲ ಮಾಡಿದರೆ ಸ್ವರ ಇಳಿಯುತ್ತಲ್ಲ, ಹಾಗೆ. ಯಾವ ಕಂಪನ ಸಡಿಲವಾಗುತ್ತೋ, ಹರಳು ಆ ದಿಕ್ಕಿಗೇ ಬದಲಾಗುತ್ತೆ. 1940ರಲ್ಲಿ ಇಬ್ಬರೂ ಇದನ್ನ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇವತ್ತು ಇದಕ್ಕೆ ಸಾಫ್ಟ್ ಮೋಡ್ ಅಂತಾರೆ.

ಆದರೆ ಆ ಸಿದ್ಧಾಂತ ಕಟ್ಟಿದ್ದು ರಾಮನ್ ಅಲ್ಲ, ಸುಮಾರು 20 ವರ್ಷ ಆದ ಮೇಲೆ ಕಾಕ್ರನ್ ಮತ್ತು ಆಂಡರ್ಸನ್. ಆ ಹೊತ್ತಲ್ಲಿ ರಾಮನ್, ತಾವೇ ಹಿಂದೆ ಬೆಂಗಳೂರಿಗೆ ಕರೆಸಿಕೊಂಡಿದ್ದ ಮ್ಯಾಕ್ಸ್ ಬಾರ್ನ್ ಜೊತೆ ಹರಳಿನ ಕಂಪನದ ಲೆಕ್ಕದ ಬಗ್ಗೆ ವರ್ಷಗಟ್ಟಲೆ ವಾದಕ್ಕೆ ಬಿದ್ದರು. ಅದರಲ್ಲಿ ಸರಿ ಇದ್ದಿದ್ದು ಬಾರ್ನ್. ರಾಮನ್ ಒಪ್ಪಲೇ ಇಲ್ಲ. ಅವರ ಕಣ್ಣು ಕಂಡಿದ್ದನ್ನ ಅವರ ಹಠ ಮುಂದೆ ಹೋಗೋಕೆ ಬಿಡಲಿಲ್ಲ ಅಂತ ನಮಗೆ ಅನಿಸುತ್ತೆ.

1948ರಲ್ಲಿ ಮಹಾರಾಜರು ಕೊಟ್ಟ ಅದೇ ಜಾಗದಲ್ಲಿ ತಮ್ಮದೇ ಸಂಸ್ಥೆ ಕಟ್ಟಿದರು. 1970ರ ನವೆಂಬರ್ 21ಕ್ಕೆ ತೀರಿಕೊಂಡರು. ಅಂತ್ಯಸಂಸ್ಕಾರ ಆಗಿದ್ದು ಅದೇ ಆವರಣದಲ್ಲಿ. ಅಲ್ಲಿ ಈಗ ಒಂದು ಮರ ಇದೆ.

ಅವರು ಹೋಗಿ 15 ವರ್ಷಕ್ಕೆ, 1985ರಲ್ಲಿ, ಯುರೇನಿಯಂ, ರುಥೇನಿಯಂ, ಸಿಲಿಕಾನ್ ಸೇರಿದ ಒಂದು ಹರಳು ಎಲ್ಲರ ತಲೆ ತಿಂದಿತು. ಇದು ಹೆವಿ ಫರ್ಮಿಯಾನ್ ವಸ್ತು, ಅಂದ್ರೆ ಒಳಗಿನ ಎಲೆಕ್ಟ್ರಾನ್‌ಗಳು ತಮ್ಮ ತೂಕ ಎಷ್ಟೋ ಪಟ್ಟು ಹೆಚ್ಚಾದ ಹಾಗೆ ಓಡಾಡುತ್ತವೆ. 17.5 ಕೆಲ್ವಿನ್‌ನಲ್ಲಿ ಇದಕ್ಕೂ ಒಂದು ಫೇಸ್ ಟ್ರಾನ್ಸಿಷನ್ ಇದೆ. ಮ್ಯಾಗ್ನೆಟಿಕ್ ಇರಬೇಕು ಅಂತ ಹುಡುಕಿದರೆ ಸಿಕ್ಕ ಕಾಂತತ್ವ ತೀರಾ ಚಿಕ್ಕದು, ಲೆಕ್ಕಕ್ಕೆ ಸಾಲಲ್ಲ. ಒತ್ತಡ ಹಾಕಿದರೆ ಮಾತ್ರ ಸರಿಯಾದ ಆಂಟಿಫೆರೋಮ್ಯಾಗ್ನೆಟ್ ಆಗುತ್ತೆ. ಹಾಗಾಗಿ ಹಿಡನ್ ಆರ್ಡರ್ ಅಂತ ಹೆಸರಿಟ್ಟು ಸುಮ್ಮನಾದರು. 2015ರಲ್ಲಿ ಅಮೆರಿಕದ ರಟ್ಗರ್ಸ್ ತಂಡ ಅದರ ಮೇಲೆ ಲೇಸರ್ ಬಿಟ್ಟು, ಚದುರಿದ ಬೆಳಕಲ್ಲಿ ಒಂದು ಹೊಸ ಗೆರೆ ಹಿಡಿಯಿತು. ಪದರದಿಂದ ಪದರಕ್ಕೆ ಎಡಗೈ ಬಲಗೈ ಥರ ಬದಲಾಗುವ ವಿನ್ಯಾಸ ಒಳಗಿದೆ ಅನ್ನೋದು ಅವರ ವಾದ. ಎಲ್ಲರೂ ಇನ್ನೂ ಒಪ್ಪಿಲ್ಲ. ಬಳಸಿದ್ದು ಮಾತ್ರ ರಾಮನ್ ಸ್ಪೆಕ್ಟ್ರೋಸ್ಕೋಪಿ.