ಜನರಲ್ ತಿಮ್ಮಯ್ಯನವರು

ಸಂಕಟದ ಸಮಯದಲ್ಲಿ ಒಂದು ತಂಡವು ಒಗ್ಗೂಡಿ ನಿಲ್ಲುವುದು ಹೇಗೆ, ಒಡೆಯುವುದು ಏತಕ್ಕೆ ಎಂಬ ಪ್ರಶ್ನೆಗೆ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಜೀವನದಲ್ಲಿ ನಮಗೆ ಉತ್ತರ ದೊರೆಯುವುದು.

ಇವರು 1906ನೆಯ ಇಸವಿ ಮಾರ್ಚ್ 31ರಂದು ಮಡಿಕೇರಿಯಲ್ಲಿ ಜನಿಸಿದರು. ಬೆಂಗಳೂರು, ಡೆಹರಾಡೂನುಗಳಲ್ಲಿ ವ್ಯಾಸಂಗ ಮಾಡಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದು 1926ರಲ್ಲಿ ಸೇನಾಧಿಕಾರಿಯಾದರು. ಎರಡನೆಯ ಮಹಾಯುದ್ಧದಲ್ಲಿ ಬ್ರಿಗೇಡೊಂದನ್ನು ರಣರಂಗದಲ್ಲಿ ನಡೆಸಿದ ಪ್ರಥಮ ಭಾರತೀಯರೆಂಬ ಕೀರ್ತಿಗೆ ಪಾತ್ರರಾದರು.

1948ರಲ್ಲಿ ಕಾಶ್ಮೀರದಿಂದ ಲಡಾಖಿಗೆ ಹೋಗುವ ಜೋಜಿ ಲಾ ಕಣಿವೆಯು ಶತ್ರುವಶವಾಗಿತ್ತು. ಸುಮಾರು 11,500 ಅಡಿ ಎತ್ತರದ ಆ ಸ್ಥಳದಲ್ಲಿ ನಮ್ಮವರ ಸೆಪ್ಟೆಂಬರಿನ ಪ್ರಯತ್ನಗಳು ವಿಫಲವಾದುವು. ಚಳಿಗಾಲ ಸಮೀಪಿಸಿತ್ತು, ಸೈನಿಕರು ಬಳಲಿದ್ದರು. ಭಯವೂ ಬಳಲಿಕೆಯೂ ಮಿತಿಮೀರಿದಾಗ ಮನುಷ್ಯನ ಗಮನವು ಕುಗ್ಗುವುದು. ತನ್ನ ಪ್ರಾಣವೊಂದೇ ಕಾಣುವುದು, ಪಕ್ಕದವನು ಮರೆಯುವನು. ತಿಮ್ಮಯ್ಯನವರು ಇದನ್ನು ಬಲ್ಲವರಾಗಿದ್ದರು. ಟ್ಯಾಂಕುಗಳ ಗೋಪುರಗಳನ್ನು ಕಳಚಿ ಗುಟ್ಟಾಗಿ ಶ್ರೀನಗರಕ್ಕೆ ತರಿಸಿದರು. ಮದರಾಸು ಸ್ಯಾಪರ್ಸ್ ದಳದವರು ಮಾರ್ಗವನ್ನು ಸಿದ್ಧಪಡಿಸಿದರು. ಒಬ್ಬೊಬ್ಬರಿಗೂ ಸ್ಪಷ್ಟವಾದ ಕೆಲಸವಿತ್ತು. ನವೆಂಬರ್ 1ರಂದು ದಳಪತಿಯು ಸ್ವತಃ ಮುಂಚೂಣಿಯ ಟ್ಯಾಂಕಿನಲ್ಲಿ ಕುಳಿತು ನಡೆದರು. ಆ ದಿನವೇ ಕಣಿವೆಯು ನಮ್ಮ ಕೈಸೇರಿತು. ಅದೇ ತಿಂಗಳಲ್ಲಿ ಲೇಹ್‌ಗೆ ದಾರಿ ತೆರೆಯಿತು. ಅಪಾಯವು ಕಡಮೆಯಾಗಿರಲಿಲ್ಲ, ಅದನ್ನು ನಾಯಕನೂ ಹಂಚಿಕೊಂಡಿದ್ದನು.

ನಾವು ವಾಸಿಸುವ ರೋಹಿಣಿ ಬಡಾವಣೆಯು ಹುಟ್ಟುವುದಕ್ಕೆ ಎರಡು ದಶಕಗಳ ಮುನ್ನ, 1957ರಿಂದ 1961ರವರೆಗೆ, ಅವರು ಇದೇ ದಿಲ್ಲಿಯಲ್ಲಿ ಭೂಸೇನೆಯ ಮುಖ್ಯಸ್ಥರಾಗಿದ್ದರು. ಇಲ್ಲಿ ಗುಂಡಿನ ಭಯವಿರಲಿಲ್ಲ; ಆದರೂ ರಕ್ಷಣಾಮಂತ್ರಿ ಕೃಷ್ಣ ಮೆನನ್ನರಿಗೂ ಅವರಿಗೂ ನಡುವೆ ವಿಶ್ವಾಸವು ಮುರಿಯಿತು. 1959ರಲ್ಲಿ ತಿಮ್ಮಯ್ಯನವರು ರಾಜೀನಾಮೆಯಿತ್ತು, ಪ್ರಧಾನಿ ನೆಹರೂ ಅವರ ಒತ್ತಾಯದಿಂದ ಹಿಂತೆಗೆದುಕೊಂಡರು. 1962ರ ಚೀನಾ ಯುದ್ಧದಲ್ಲಿ ನಮಗೊದಗಿದ ಸೋಲಿನ ಕಾರಣಗಳಲ್ಲಿ ಈ ಪರಸ್ಪರ ಅಪನಂಬಿಕೆಯನ್ನೂ ಅನೇಕ ಇತಿಹಾಸಕಾರರು ಎಣಿಸುವರು. ಹಿಮದಲ್ಲಿ ಕೂಡಿ ನಿಂತ ಸೇನೆಯು ರಾಜಧಾನಿಯ ಕೊಠಡಿಗಳಲ್ಲಿ ಉಂಟಾದ ಬಿರುಕಿನಿಂದ ದುರ್ಬಲವಾಯಿತು.

ನಿವೃತ್ತರಾದ ಮೇಲೆ ಅವರು ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ನಡೆಸಿದರು. 1965ನೆಯ ಡಿಸೆಂಬರ್ 18ರಂದು ಕರ್ತವ್ಯದಲ್ಲಿರುವಾಗಲೇ ಹೃದಯಾಘಾತದಿಂದ ತೀರಿಕೊಂಡರು.

ವಿದ್ಯಾರ್ಥಿಮಿತ್ರರೇ, ಆಟದ ಬಯಲಿನಲ್ಲಾಗಲಿ ನಾಟಕದ ರಂಗದಲ್ಲಾಗಲಿ ನಮ್ಮ ತಂಡವು ತತ್ತರಿಸಿದಾಗ, ತಪ್ಪು ಯಾರದೆಂದು ಹುಡುಕುವ ಮುನ್ನ ಪ್ರತಿಯೊಬ್ಬರಿಗೂ ತಮ್ಮ ಕೆಲಸವು ತಿಳಿದಿದೆಯೇ, ಕಷ್ಟದಲ್ಲಿ ನಾವೂ ಪಾಲುಗಾರರಾಗಿರುವೆವೇ ಎಂದು ನಾವು ಕೇಳಿಕೊಳ್ಳೋಣ.